ಕೆಂಗೇರಿಯಾಚೆಯ ಏರಿಗೆ ಇಬ್ಬರು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ರಾಜಾಜಿನಗರ ಬಿಟ್ಟೆವು. ಪುಷ್ಯ ಮಾಸದ ಚಳಿ. ಹೊಸ ಬಡಾವಣೆಯ ಮಣ್ಣುರಸ್ತೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಹೊರಟದ್ದು ಬಿಡದಿಗೆ, ನನ್ನ ಹೆಂಡತಿ ಸಾವಿತ್ರಿಯ ಅಕ್ಕನ ಮನೆಗೆ. ದೂರ ಹೆಚ್ಚೇನಲ್ಲ, ಇಪ್ಪತ್ತು ಮೈಲಿ ಇದ್ದೀತು. ಆದರೆ ಕೆಂಗೇರಿ ದಾಟಿದ ಮೇಲೆ ಒಂದು ಏರು ಇದೆ. ನನ್ನ ಟೂ ಸ್ಟ್ರೋಕ್ ಮೋಟಾರ್ ಸೈಕಲ್ಲು ಅಲ್ಲಿ ಇಬ್ಬರನ್ನು ಹೊತ್ತದ್ದೇ ಇಲ್ಲ. ಎರಡು ವರ್ಷದಿಂದ ಸಾವಿತ್ರಿ ಏರಿನ ಬುಡದಲ್ಲಿ ಇಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದೇ ಬರುತ್ತಿದ್ದಳು. ಕಳೆದ ಸಲ ಅವಳ ಭಾವ ಅದನ್ನು ಬಸ್ಸಿನ ಕಿಟಕಿಯಿಂದ ನೋಡಿಬಿಟ್ಟರು.

"ಈ ಸಲಾನೂ ನಡೆಸಿದ್ರೆ ಇನ್ಮೇಲೆ ನಾನು ಬಸ್ಸಲ್ಲೇ ಹೋಗ್ತೀನಿ. ನೀವೂ ನಿಮ್ಮ ಗಾಡೀನೂ ಜೊತೇಲಿ ಬನ್ನಿ," ಎಂದಿದ್ದಳು.

ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಅನ್ನ ಸಂಪಾದಿಸುವ ನನಗೆ ಈ ಮಾತು ಚೆನ್ನಾಗಿಯೇ ನಾಟಿತು. ಒಂದು ತಿಂಗಳು ಎಂಜಿನ್ ಬಿಚ್ಚಿ ಕೂತೆ. ಇಂಥ ಎಂಜಿನ್ನಿನಲ್ಲಿ ಪೆಟ್ರೋಲು ಬೆರೆತ ಗಾಳಿ ಮೊದಲು ಕ್ರ್ಯಾಂಕ್ ದಂಡ ತಿರುಗುವ ಕೆಳಗಿನ ಗೂಡಿಗೆ ಬಂದು, ಅಲ್ಲಿಂದ ಮೇಲಕ್ಕೆ ನುಗ್ಗುತ್ತದೆ. ಗೂಡಿನಲ್ಲಿ ಖಾಲಿ ಜಾಗ ಕಡಿಮೆಯಾದಷ್ಟೂ ತಿದಿ ಒತ್ತಿದ ಹಾಗೆ ರಭಸ ಹೆಚ್ಚು. ಆದ್ದರಿಂದ ಕ್ರ್ಯಾಂಕಿನ ಚಕ್ರಗಳಲ್ಲಿದ್ದ ತೂತುಗಳಿಗೆ ಬೆಂಡು ತುಂಬಿ, ಮೇಲೆ ತೆಳು ಅಲ್ಯೂಮಿನಿಯಂ ತಗಡು ಬಡಿದೆ. ಬೆಂಡು ಹಗುರ, ಚಕ್ರದ ಸಮತೂಕ ತಪ್ಪಲಿಲ್ಲ. ಗಾಳಿ ಒಳಗೆ ಬರುವ ದಾರಿಯನ್ನು ಅರದಿಂದ ಉಜ್ಜಿ ಅಗಲ ಮಾಡಿ, ದೊಡ್ಡ ಬಾಯಿಯ ಕಾರ್ಬುರೇಟರ್ ಕೂರಿಸಿದೆ. ಗಾಡಿ ಗುಡುಗತೊಡಗಿತು. ನಿಧಾನಕ್ಕೆ ಹೋದರೆ ಮಾತ್ರ ಕೆಮ್ಮುತ್ತಿತ್ತು. ಅದನ್ನು ಸಾವಿತ್ರಿಗೆ ಹೇಳಲಿಲ್ಲ.

ಮಾಗಡಿ ರಸ್ತೆ ದಾಟಿ ಮೈಸೂರು ರಸ್ತೆ ಹಿಡಿದ ಮೇಲೆ ನಲವತ್ತು ಮೈಲಿ ವೇಗ ಮುಟ್ಟಿದೆ. ಕೆಂಗೇರಿಯಲ್ಲಿ ಬಿಸಿ ಇಡ್ಲಿ, ಕಾಫಿ. ಹೋಟೆಲಿನವರು ಗಾಡಿಯ ಕಡೆ ನೋಡಿ, "ಏನ್ ಸಾರ್, ಊರೆಲ್ಲಾ ಎಬ್ಬಿಸ್ತಾ ಇದೀರಲ್ಲ?" ಎಂದರು. ನನಗೆ ಬಹಳ ಸಂತೋಷವಾಯಿತು.

ಏರಿನ ಬುಡದಲ್ಲಿ ಎತ್ತಿನ ಗಾಡಿಗಳ ಸಾಲು ಅಡ್ಡ ಬಂತು. ನಿಲ್ಲುವಷ್ಟು ನಿಧಾನ ಮಾಡಿ, ಗೇರ್ ಇಳಿಸಿ, ದಾರಿ ಬಿಟ್ಟ ಕೂಡಲೇ ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಅಬ್ಬಾ, ಏನು ಓಟ! ಟ್ಯಾಂಕಿನ ಮೇಲೆ ಬಗ್ಗಿ ಎಂಜಿನ್ನಿನ ಸದ್ದನ್ನೇ ಕೇಳುತ್ತಾ ಏರಿನ ನೆತ್ತಿ ಮುಟ್ಟಿದೆ. "ನೋಡಿದ್ಯೇನೇ?" ಎಂದು ಹಿಂದಕ್ಕೆ ತಿರುಗಿ ನೋಡಿದರೆ ಸೀಟು ಖಾಲಿ.

ತಕ್ಷಣ ಗಾಡಿ ತಿರುಗಿಸಿಕೊಂಡು ಕೆಳಗೆ ಬಂದೆ. ಸಾವಿತ್ರಿ ನೆರಿಗೆ ಎತ್ತಿ ಹಿಡಿದು ಅರ್ಧ ಫರ್ಲಾಂಗು ನಡೆದಾಗಿತ್ತು.

"ಯಾಕೆ ಇಳಿದೆ?"

"ನೀವು ಗೇರ್ ಇಳಿಸಿದ್ರಲ್ಲ. ಯಾವಾಗ್ಲೂ ಅಲ್ಲೇ ತಾನೇ ಇಳಿಯೋದು?"

ಎರಡು ವರ್ಷ ನಾನೇ ಕಲಿಸಿದ ಅಭ್ಯಾಸ. ನಾಚಿಕೆಯಾಯಿತು. ಅಲ್ಲೇ ಕೂರಿಸಿಕೊಂಡು ಹೊರಟರೆ ಎಂಜಿನ್ ನಾಲ್ಕು ಸಲ ಕೆಮ್ಮಿ ನಿಂತುಹೋಯಿತು. ನನ್ನ ಜಂಬವೂ ಜೊತೆಯಲ್ಲೇ ನಿಂತಿತು.

"ನಿಧಾನಕ್ಕೆ ಹೋದ್ರೆ ಇದಕ್ಕೆ ಆಗಲ್ಲ ಕಣೇ," ಎಂದು ಕೊನೆಗೂ ಒಪ್ಪಿಕೊಂಡೆ.

"ಮೊದಲೇ ಹೇಳಬಾರ್ದಿತ್ತೇನ್ರೀ? ಹಾಗಾದ್ರೆ ಏರು ಶುರುವಾಗೋಕೆ ಮುಂಚೆ ಇರೋ ಆ ಮೋರಿ ತನಕ ಹಿಂದಕ್ಕೆ ಹೋಗೋಣ. ಅಲ್ಲಿಂದ್ಲೇ ಓಡಿಸ್ಕೊಂಡು ಬನ್ನಿ."

ಮೋರಿಯ ಬಳಿ ಅವಳು ಸೆರಗು ಸಿಕ್ಕಿಸಿ, ನನ್ನ ಕೋಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಬುಡ ತಲುಪುವಾಗಲೇ ಗಾಡಿ ಗುಡುಗುತ್ತಿತ್ತು. ಅರ್ಧ ದಾರಿಯಲ್ಲಿ ಸ್ವಲ್ಪ ಸೊರಗಿತು, ಗೇರ್ ಇಳಿಸಿದೆ. ಕೋಟಿನ ಮೇಲೆ ಅವಳ ಹಿಡಿತ ಸಡಿಲವಾಗಲಿಲ್ಲ. ನೆತ್ತಿ ಬಂತು. ಇಬ್ಬರೂ ಗಾಡಿಯ ಮೇಲೇ ಇದ್ದೆವು.

"ನಿಲ್ಸಿ," ಎಂದಳು. ಏನಾಯಿತೋ ಎಂದು ಗಾಬರಿಯಿಂದ ನಿಲ್ಲಿಸಿದೆ. ಸಾವಿತ್ರಿ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿ, ತಾನು ಇಷ್ಟು ದಿನ ನಡೆದ ದಾರಿಯನ್ನು ಬುಡದವರೆಗೂ ನೋಡಿದಳು.

"ಅಕ್ಕನ ಮನೇಗೆ ಸ್ವಲ್ಪ ತಡ ಆದ್ರೂ ಪರವಾಗಿಲ್ಲ. ಇನ್ನೊಂದ್ಸಲ ಹತ್ತಿಸಿ."