ಉಗಿಯಂತ್ರಕ್ಕೆ ಕಿವಿಗೊಟ್ಟ ಶನಿವಾರ

ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಸತ್ತು ನೂರು ವರ್ಷ ದಾಟಿದ ಎಂಜಿನಿಯರನೊಬ್ಬನ ಕಥೆಯನ್ನು ಅವನ ದೇಶದವರಿಗೇ ಹೇಳುವುದು! ಮಾರಿಸ್‌ಟೌನ್ ಎಂಬ ಊರಿನ ಹತ್ತಿರ ಅವನ ಹಳೆಯ ಕಾರ್ಖಾನೆಯನ್ನು ಮ್ಯೂಸಿಯಂ ಮಾಡಿದ್ದಾರೆ. ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದ ಆ ವರ್ಷ ನನ್ನ ಗಂಡ ರಫೀಕನ ಕೆಲಸ ಹೋಗಿತ್ತು. ನನ್ನನ್ನು ಒಂದು ತಿಂಗಳ ಪರೀಕ್ಷೆಗೆಂದು ಗೈಡ್ ಮಾಡಿದ್ದರು. ಪಾಸಾಗದಿದ್ದರೆ ಗಂಟುಮೂಟೆ ಕಟ್ಟಿ ಗದಗಕ್ಕೆ ವಾಪಸು ಎಂದು ತೀರ್ಮಾನವಾಗಿತ್ತು.

ಎಂಜಿನಿಯರನ ಬದುಕನ್ನು ಬಾಯಿಪಾಠ ಮಾಡಿದೆ. ಕಮ್ಮಾರನ ಮಗ, ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಮೊದಲ ಬಾಯ್ಲರ್ ಒಡೆದಾಗ ಊರೆಲ್ಲ ನಕ್ಕಿತ್ತು. ಅವನ ಕಾಲದಲ್ಲೂ ಬ್ಯಾಂಕು ಮುಳುಗಿ ಕಾರ್ಖಾನೆಗೆ ಬೀಗ ಬಿತ್ತು. ಪುಣ್ಯಾತ್ಮ ಹಿತ್ತಲ ಶೆಡ್ಡಿನಲ್ಲಿ ಕೂತು ಹೊಸ ಮಾದರಿಯ ಉಗಿಯಂತ್ರ ಕಟ್ಟಿದ. ಅಲ್ಲಿಗೆ ಬಂದಾಗಲೆಲ್ಲ ನನ್ನ ಎದೆ ತುಂಬುತ್ತಿತ್ತು, ಇಂಗ್ಲಿಷ್ ಮಾತ್ರ ಕುಂಟುತ್ತಿತ್ತು. ಮೇಲ್ವಿಚಾರಕ ಫ್ರಾಂಕ್ ಒಳ್ಳೆಯ ಮುದುಕ, ಆದರೆ ಬಾಯಿ ತೆಗೆದರೆ "ಡೋಂಟ್ ಟಚ್". ನಮ್ಮ ಕಡೆ ಯಂತ್ರ ಮುಟ್ಟದವರಿಗೆ ಕೆಲಸ ಬರುವುದಿಲ್ಲ. ಇಲ್ಲಿ ಮುಟ್ಟಿದವರಿಗೆ ಕೆಲಸ ಉಳಿಯುವುದಿಲ್ಲ.

ತಿಂಗಳ ಕೊನೆಯ ಶನಿವಾರ ಫ್ರಾಂಕ್ ಜನರೆದುರು ಎಂಜಿನಿಯರನ ಆ ಉಗಿಯಂತ್ರವನ್ನು ಓಡಿಸಿದ. ಸಪ್ಪಳ ಸರಿಯಿರಲಿಲ್ಲ. ನಾನು ಮಾತು ಅರ್ಧಕ್ಕೇ ಬಿಟ್ಟು ಉದ್ದನೆಯ ಸ್ಕ್ರೂಡ್ರೈವರ್ ಎತ್ತಿಕೊಂಡೆ, ಒಳಗಿನ ಸದ್ದು ಕೇಳಲು ಅದರ ತುದಿಯನ್ನು ತಿರುಗುವ ದಂಡ ಹೊತ್ತ ಬೇರಿಂಗಿಗೂ ಹಿಡಿಯನ್ನು ಕಿವಿಗೂ ಒತ್ತಿದೆ. ಹಿಟ್ಟಿನ ಗಿರಣಿ ನಡೆಸುವ ನನ್ನಪ್ಪ ಕಲಿಸಿದ ವಿದ್ಯೆ ಇದು.

"ನೋ! ಡೋಂಟ್ ಟಚ್!" ಫ್ರಾಂಕ್ ಓಡಿಬಂದ.

"ಸ್ಟಾಪ್ ಇಟ್! ನೋ ಆಯಿಲ್!" ನಾನೂ ಕೂಗಿದೆ. ವ್ಯಾಕರಣ ಹಾಳಾಗಿ ಹೋಗಲಿ.

ನಿಲ್ಲಿಸಿ ಬಿಚ್ಚಿದರೆ, ಎಣ್ಣೆಯ ತೂತಿನ ತುಂಬ ಗಟ್ಟಿ ಜಿಡ್ಡು. ಇನ್ನಷ್ಟು ಹೊತ್ತು ಓಡಿದ್ದರೆ ಎಂಜಿನಿಯರ್ ಸ್ವತಃ ಎರಕ ಹೊಯ್ದ ಬೇರಿಂಗ್ ಕರಗುತ್ತಿತ್ತು. ಫ್ರಾಂಕ್ ಕೈ ಒರೆಸಿಕೊಳ್ಳುತ್ತಾ ಹೇಳಿದ: "ಸೋಮವಾರ ಬಾ. ಗೈಡಾಗಿ ಅಲ್ಲ, ಮೆಕ್ಯಾನಿಕ್ ಆಗಿ." ಪಿಂಜಾರ ಓಣಿಯ ಹುಡುಗಿಗೆ ಆ ದೊಡ್ಡ ಮನುಷ್ಯನ ಯಂತ್ರದ ಉಸ್ತುವಾರಿ! ಹೆಮ್ಮೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುದಿನ ಬೆಳಗ್ಗೆ ಅಪ್ಪನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಗದಗಿನಲ್ಲಿ ಆಗ ಸಂಜೆ, ಗಿರಣಿ ಓಡುತ್ತಿತ್ತು.

"ಹೌದೇನವ್ವಾ! ಭಾಳ ಚಲೋ ಆತು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಆಮೇಲೆ ದನಿ ತಗ್ಗಿಸಿದ. "ನನಗ ಈಗ ಕಿವಿ ಮಂದ ಆಗ್ಯಾವು. ಗಿರಣಿ ಸಪ್ಪಳ ಬ್ಯಾರೆ ಆಗೇತಿ ಅಂತಾರ ಮಂದಿ. ನೀ ಒಂಚೂರು ಕೇಳಿ ಹೇಳವ್ವಾ."

ಫೋನನ್ನು ಗಿರಣಿಯ ಹತ್ತಿರ ಹಿಡಿದ. ಉಸಿರು ಬಿಗಿಹಿಡಿದು ಕೇಳಿದೆ. ಬರೀ ಗುಂಯ್ ಎನ್ನುವ ಸದ್ದು.

"ಇಲ್ಲಿಂದ ಏನೂ ತಿಳಿಯವಲ್ದಪ್ಪಾ."

ಗಿರಣಿಯ ಸದ್ದು ದೂರ ಸರಿಯಿತು.

"ಇರಲಿ ಬಿಡವ್ವಾ," ಎಂದ. "ನಿನ್ನ ಮಷಿನ್ನು ಚಲೋ ನಡೀಲಿ."