ನಕ್ಷೆಯಲ್ಲಿಲ್ಲದ ರಬ್ಬರ್ ಪೈಪು

ನಿವೃತ್ತಿಗೆ ಮುಂಚಿನ ಎರಡು ವರ್ಷ ನಾನು ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪರಾಷ್ಟ್ರದ ಕರಾವಳಿ ಕಾವಲು ಪಡೆಗೆ ಎಂಜಿನಿಯರಿಂಗ್ ಸಲಹೆಗಾರನಾಗಿದ್ದೆ. ಇಡೀ ದೇಶಕ್ಕೆ ಇದ್ದದ್ದು ಒಂದೇ ಗಸ್ತು ಹಡಗು. ಮಲ್ಲೇಶ್ವರದವನಿಗೆ ಸಮುದ್ರದ ಗಂಧ ಎಲ್ಲಿಂದ ಬಂತು ಎಂದು ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಅಲ್ಲಿದ್ದಾಗ ಒಮ್ಮೆ ಆ ಹಡಗಿನ ಎರಡೂ ಎಂಜಿನ್ನಿಗೆ ಸೇರಿ ಇದ್ದ ಒಂದೇ ಡೀಸೆಲ್ ಫಿಲ್ಟರಿನ ಹೊರಕವಚ ಬಿರುಕು ಬಿಟ್ಟಿತು. ಹೊಸದು ಬರಲು ಮೂರು ತಿಂಗಳು ಬೇಕೆಂದರು. ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಒಂದು ಮೊಳ ರಬ್ಬರ್ ಪೈಪು, ಟ್ಯಾಂಕಿನ ಕಡೆಗೊಂದು ವಾಲ್ವ್, ನಡುವೆ ಚಿಕ್ಕದೊಂದು ಫಿಲ್ಟರ್ ಹಾಕಿ ಡೀಸೆಲ್ಲಿಗೆ ಪಕ್ಕದ ದಾರಿ ಮಾಡಿ ಹಡಗು ಓಡಿಸಿದೆ. ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಹೊಸ ಫಿಲ್ಟರ್ ಬಂದ ಮೇಲೆ ವಾಲ್ವ್ ಮುಚ್ಚಿದೆ. ಪೈಪನ್ನು ಮಾತ್ರ ಕೀಳಲಿಲ್ಲ, ಇರಲಿ ಯಾವತ್ತಾದರೂ ಬೇಕಾದೀತು ಎಂದುಕೊಂಡೆ. ಹಡಗಿನ ನಕ್ಷೆಯಲ್ಲೂ ಅದನ್ನು ಗುರುತಿಸಲಿಲ್ಲ.

ಊರಿಗೆ ಮರಳಿದ ಮೂರನೆಯ ವರ್ಷ, ಒಂದು ಶನಿವಾರ ಬೆಳಿಗ್ಗೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ, ರಸ್ತೆಬದಿಯ ತರಕಾರಿಯಮ್ಮನ ಹತ್ತಿರ ನನ್ನ ಹೆಂಡತಿ ಶೈಲಾ ಅವರೆಕಾಯಿ ಆರಿಸುತ್ತಿದ್ದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಫೋನ್ ಬಂತು. ಆ ಹಡಗಿನ ಮುಖ್ಯ ಎಂಜಿನಿಯರ್ ಯೂಸುಫ್, ನಡುಗಡಲಿನಿಂದ ಉಪಗ್ರಹದ ಮೂಲಕ ವಿಡಿಯೋ ಕರೆ. ನಮ್ಮ ಮಾತು ನಡೆದದ್ದು ಇಂಗ್ಲಿಷಿನಲ್ಲಿ.

"ಸಾರ್, ಎರಡೂ ಎಂಜಿನ್ ಐದು ನಿಮಿಷ ಓಡಿ ನಿಂತುಹೋಗ್ತಿವೆ. ಒಂದು ಮೀನಿನ ದೋಣಿ ಕೆಟ್ಟು, ಬಂಡೆಸಾಲಿನ ಕಡೆ ತೇಲ್ತಾ ಇದೆ. ಆರು ಜನ ಇದಾರೆ. ನಾವು ಬಿಟ್ರೆ ಅವ್ರಿಗೆ ಯಾರೂ ಇಲ್ಲ."

ಡೀಸೆಲ್ ಹೊರಗೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ಆದರೆ ಟ್ಯಾಂಕಿನಿಂದ ಪಂಪು ಹೀರಿಕೊಳ್ಳುವ ಪೈಪಿನಲ್ಲಿ ಬಿರುಕಾದರೆ ಹನಿಯೂ ಸೋರುವುದಿಲ್ಲ. ಗಾಳಿ ಒಳಗೆ ಸೇರಿ ಎಂಜಿನ್ ನಿಲ್ಲುತ್ತದೆ. ಯೂಸುಫ್ ನಕ್ಷೆ ಹಿಡಿದು ಒಂದೊಂದೇ ಜೋಡಣೆ ತೋರಿಸತೊಡಗಿದ. ಎಲ್ಲವೂ ಸರಿಯಾಗಿದ್ದವು. ಆಗ ನನ್ನ ಪೈಪು ನೆನಪಾಯಿತು. ಅದರ ಎಂಜಿನ್ ಕಡೆಯ ತುದಿಗೆ ನಾನು ವಾಲ್ವ್ ಇಟ್ಟಿರಲೇ ಇಲ್ಲ! ಪೈಪು ಸೀಳಿದ್ದರೆ ಗಾಳಿ ಅಲ್ಲಿಂದಲೇ ಒಳಗೆ.

ಆದರೂ ಬಾಯಿ ಬಿಡಲಿಲ್ಲ. ಥೂ, ಈಗಲೂ ನಾಚಿಕೆಯಾಗುತ್ತದೆ. "ಇನ್ನೊಂದು ಸಲ ನೋಡಿ, ಪಂಪಿನ ವಾಷರ್ ನೋಡಿ" ಎಂದು ಅವನನ್ನು ಅಲೆಸಿದೆ. ದೋಷ ಬೇರೆಲ್ಲಾದರೂ ಸಿಗಲಪ್ಪಾ ಎಂದು ದೇವರನ್ನು ಬೇಡಿಕೊಂಡೆ.

ಶೈಲಾ ಹತ್ತಿರ ಬಂದಳು. "ಏನ್ರೀ, ಮುಖ ಯಾಕೆ ಹಿಂಗೆ ಬಿಳಿಚ್ಕೊಂಡಿದೆ?"

ಫೋನಿಗೆ ಕೈ ಅಡ್ಡ ಹಿಡಿದೆ. "ಅಲ್ಲೊಂದು ಪೈಪಿದೆ. ನಾನೇ ಹಾಕಿದ್ದು. ಯಾರಿಗೂ ಗೊತ್ತಿಲ್ಲ."

"ಮತ್ತೆ ಹೇಳೋಕೇನ್ರೀ ಧಾಡಿ? ಅಲ್ಲಿ ಆರು ಜನ ಸಾಯ್ತಿದಾರೆ, ಇಲ್ಲಿ ನಿಮಗೆ ಮರ್ಯಾದೆ ಚಿಂತೆ! ಹೇಳ್ಬಿಡಿ!"

ಹೇಳಿದೆ. "ಯೂಸುಫ್, ಫಿಲ್ಟರ್ ಪಕ್ಕದ ನೆಲದ ತಗಡು ಎತ್ತಿ. ಕೆಳಗೊಂದು ರಬ್ಬರ್ ಪೈಪಿದೆ. ನಕ್ಷೆಯಲ್ಲಿಲ್ಲ, ತಪ್ಪು ನಂದು. ಅದನ್ನ ಕಿತ್ತು, ಎಂಜಿನ್ ಕಡೆ ಅದು ಸೇರೋ ಬಾಯಿಗೆ ಮುಚ್ಚಳ ಬಿಗೀರಿ."

ಯೂಸುಫ್ ಕೂಡಲೇ ಬಗ್ಗಿದ. ತಗಡು ಎತ್ತುವ ಸದ್ದಾಯಿತು. "ಸೀಳಿದೆ ಸಾರ್" ಎಂದ. ಕರೆ ಕಡಿದುಹೋಯಿತು.

ಆಮೇಲಿನ ನಾಲ್ಕು ಗಂಟೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸಂಪಿಗೆ ರಸ್ತೆಯ ಉದ್ದಕ್ಕೂ ಹೋದೆ, ಬಂದೆ, ಮತ್ತೆ ಹೋದೆ. ಫೋನ್ ಹಚ್ಚಿದರೆ ಸಿಗಲೊಲ್ಲದು. ತರಕಾರಿಯಮ್ಮ ಗೋಣಿಚೀಲ ಸರಿಸಿ ಜಾಗ ಮಾಡಿದಳು. "ಕೂತ್ಕೊಳ್ಳಿ ಸಾಮಿ, ಎಷ್ಟ್ ಸಲ ತಿರುಗ್ತೀರಾ?" ಕೂತೆ, ಕೂತ ಮರುಗಳಿಗೆಯೇ ಎದ್ದೆ. ಶೈಲಾ ಚೀಲ ಹಿಡಿದು ನನ್ನ ಹಿಂದೆಯೇ ನಡೆಯುತ್ತಿದ್ದಳು.

ಮಧ್ಯಾಹ್ನ ಸಂದೇಶ ಬಂತು. ಆರೂ ಜನ ಹಡಗು ಹತ್ತಿದ್ದರು. ಕೊನೆಯವನು ಹತ್ತಿದ ಹತ್ತು ನಿಮಿಷಕ್ಕೆ ದೋಣಿ ಬಂಡೆಗೆ ಬಡಿದು ಚೂರಾಯಿತಂತೆ. ನನ್ನನ್ನು ದೂರುವ ಒಂದಕ್ಷರವೂ ಅದರಲ್ಲಿರಲಿಲ್ಲ, ಬರೀ ಧನ್ಯವಾದ.

ಅಂದೇ ಇಮೇಲಿನಲ್ಲಿ ನಕ್ಷೆ ತರಿಸಿಕೊಂಡು, ಆ ಪೈಪನ್ನು ಕೆಂಪು ಶಾಯಿಯಲ್ಲಿ ಬರೆದು, ತೆಗೆದುಹಾಕಲಾಗಿದೆ ಎಂದು ನಮೂದಿಸಿ, ಸಹಿ ಮಾಡಿ ಕಳಿಸಿದೆ. ಹಡಗಿನಲ್ಲಿ ಕೈಚಳಕ ದೊಡ್ಡದಲ್ಲ. ಮಾಡಿದ್ದನ್ನು ಬರೆದಿಡಬೇಕು, ಬರೆಯದಿದ್ದರೆ ತಕ್ಷಣ ಒಪ್ಪಿಕೊಳ್ಳಬೇಕು. ಪೈಪು ನೆನಪಾದ ಮೇಲೆ ನಾನು ಬಾಯಿ ಮುಚ್ಚಿಕೊಂಡಿದ್ದದ್ದು ಒಂಬತ್ತು ನಿಮಿಷ.