ಮೊದಲು ಯಾವ ವಾಲ್ವ್?

ಚೆಟ್ಟಳ್ಳಿ ಕಡೆಯ ಎಸ್ಟೇಟುಗಳಿಗೆಲ್ಲ ನೀರಿನ ಪೈಪ್ ಹಾಕುವ ಧರ್ಮೇಂದ್ರ ಇನ್ನೊಬ್ಬರ ಜಾಯಿಂಟನ್ನು ಹೊಗಳಿದ್ದನ್ನು ಹೆಂಡತಿ ಯಮುನಾ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೂ ನಲ್ಲಿಯ ಬುಡ ಮುಟ್ಟಿ, "ಯಾವ ಪುಣ್ಯಾತ್ಮ ಹಾಕಿದ್ದು ಮಾರಾಯ್ರೆ ಇದು?" ಎನ್ನುವ ಆಸಾಮಿ. ಅಂಥವನು ಈಗ ಸಿಕ್ಕವರೆದುರೆಲ್ಲ ಅಂಗಿ ಎತ್ತಿ, ಹೊಟ್ಟೆಯುದ್ದಕ್ಕೂ ಇಳಿದ ಹೊಲಿಗೆ ತೋರಿಸುತ್ತಾನೆ. ಹೊಟ್ಟೆಯೊಳಗಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳದ ಗೋಡೆಯಲ್ಲೇ ಕ್ಯಾನ್ಸರ್. ಲಕ್ಷದಲ್ಲಿ ಒಬ್ಬರಿಗೂ ಬರದಂಥದ್ದು. ಮೈಸೂರಿನ ಡಾಕ್ಟರಮ್ಮ ಆ ತುಂಡನ್ನೇ ಕತ್ತರಿಸಿ ತೆಗೆದು ಬೇರೆ ಕೊಳವೆ ಕೂರಿಸಿದರು. "ಮೇಲೂ ಕೆಳಗೂ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿದ್ದು ಬರೀ ಅರ್ಧ ಗಂಟೆ. ಕೂದಲಿನಷ್ಟು ಸಪೂರದ ದಾರದಲ್ಲಿ ಹೊಲಿದಿದ್ದಾರೆ. ಒಂದು ತೊಟ್ಟು ಲೀಕಿಲ್ಲ! ಜಾಯಿಂಟ್ ಅಂದ್ರೆ ಅದು," ಎಂದು ಕಣ್ಣರಳಿಸಿ ಮೈಸೂರಿನ ದಿಕ್ಕಿಗೆ ಕೈ ಮುಗಿಯುತ್ತಾನೆ. ಆದರೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಂಗಿಗೆ ಹೊರಡುವ ಬೆಳಿಗ್ಗೆ ಯಮುನಾಳನ್ನು ಮನೆ ಹಿಂದಿನ ಟ್ಯಾಂಕಿನ ಹತ್ತಿರ ಕರೆದೊಯ್ದು, ಪೈಪ್ ಒಡೆದರೆ ಮೊದಲು ಯಾವ ವಾಲ್ವ್ ಮುಚ್ಚಬೇಕೆಂದು ತೋರಿಸುತ್ತಾನೆ. ಅವಳಿಗದು ಬಾಯಿಪಾಠ. ಆದರೂ ಬಸ್ಸಿನಲ್ಲಿ ಕೂತ ಮೇಲೆ ಪ್ರತಿ ಸಲವೂ, "ರೀ, ಮರೆತೇಹೋಯ್ತು. ವಾಪಸ್ ಬಂದಮೇಲೆ ಇನ್ನೊಮ್ಮೆ ತೋರಿಸಬೇಕು ನೀವು," ಎನ್ನುತ್ತಾಳೆ.